ಉಳ್ಳಾಲ್ತಿಯ ಮಲ್ಲಿಗೆ, ಹಾಲೆಂಡಿನ ಟ್ಯೂಲಿಪ್

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಡಚ್ ವಲಸಿಗರು 1847ರಲ್ಲಿ ಕಟ್ಟಿದ ಹಾಲೆಂಡ್ ಎಂಬ ಊರಿಗೆ ಪ್ರತಿ ಮೇ ತಿಂಗಳು ಟ್ಯೂಲಿಪ್ ನೋಡಲು ಜನ ಮುಗಿಬೀಳುತ್ತಾರೆ. ಅಜ್ಜ-ಮುತ್ತಜ್ಜರು ಜೊತೆಗೆ ತಂದ ಹಬ್ಬವೇನೋ ಎನ್ನಿಸಬೇಕು, ಹಾಗಿಲ್ಲ. ಜೀವಶಾಸ್ತ್ರದ ಶಿಕ್ಷಕಿ ಲಿಡಾ ರೋಜರ್ಸ್ 1927ರಲ್ಲಿ ಈ ಯೋಚನೆ ಮುಂದಿಟ್ಟರು; ಮರುವರ್ಷ ಊರಾಡಳಿತ ಒಂದು ಲಕ್ಷ ಗೆಡ್ಡೆ ತರಿಸಿತು; 1929ರಲ್ಲಿ ಹಬ್ಬ ಶುರುವಾಯಿತು. ಹೂವಿನ ನೆಪದಲ್ಲಿ ಜನ ಒಂದೂರಿಗೆ ಸೇರುವ ರೂಢಿಯನ್ನು ಬೆಳೆಸುವುದು ಮಣ್ಣಲ್ಲ, ಪಂಚಾಂಗ ಮತ್ತು ಪೇಟೆ. ದಕ್ಷಿಣ ಕನ್ನಡದ ಪುತ್ತೂರು ಜಾತ್ರೆಯ ಮಲ್ಲಿಗೆಯೂ ಇದನ್ನೇ ಹೇಳುತ್ತದೆ.

ಊರ ದೇವರು ಮಹಾಲಿಂಗೇಶ್ವರನಿಗೆ ಏಪ್ರಿಲ್ 10ಕ್ಕೆ ಕೊಡಿ (ಧ್ವಜ) ಏರುತ್ತದೆ, 17ಕ್ಕೆ ಬ್ರಹ್ಮರಥ, ಆ ರಾತ್ರಿ ಹೆಸರುವಾಸಿಯಾದ ಬೆಡಿ (ಸಿಡಿಮದ್ದು), ಆಮೇಲೆ ವೀರಮಂಗಲದ ಕುಮಾರಧಾರೆ ಹೊಳೆಯಲ್ಲಿ ಅವಭೃತ ಸ್ನಾನ. ಸೌರಮಾನದ ಲೆಕ್ಕವಾದ್ದರಿಂದ ತಾರೀಕು ಕದಲುವುದಿಲ್ಲ. ಅಡಿಕೆ ಕೊಯ್ಲು ಮುಗಿದು ಮಳೆ ಇನ್ನೂ ಹಿಡಿಯದ ಹೊತ್ತು. ಸುಳ್ಯ, ಕಡಬದ ತೋಟದವರಿಗೂ ಮನೆ ಬಿಟ್ಟು ಹೊರಡಲು ಆಗುವುದು ಆಗಲೇ. ರಥದ ಹಿಂದಿನ ದಿನ ಸಂಜೆ ಬಲ್ನಾಡಿನಿಂದ ದಂಡನಾಯಕ, ಉಳ್ಳಾಲ್ತಿ ದೈವಗಳ ಕಿರುವಾಳು ಮೆರವಣಿಗೆಯಲ್ಲಿ ಬರುತ್ತದೆ. ಉಳ್ಳಾಲ್ತಿಗೆ ಹರಕೆಯಾಗಿ ಮಲ್ಲಿಗೆಯೇ ಆಗಬೇಕು, ಅದೂ ರಾಶಿರಾಶಿ. ಸುತ್ತ ಅಡಿಕೆಯದೇ ರಾಜ್ಯವಾದ ಊರಿನಲ್ಲಿ ಅಷ್ಟು ಮಲ್ಲಿಗೆ ರಾಶಿ ಬೀಳಬೇಕಾದರೆ ಅದರ ಹಿಂದೆ ದೊಡ್ಡದೊಂದು ಕಸುಬಿರಲೇಬೇಕು. ಕರಾವಳಿಯ ಮಲ್ಲಿಗೆಗೆ ಉಡುಪಿ ಬಳಿಯ ಶಂಕರಪುರದಲ್ಲಿ ದಿನದಿನವೂ ದರ ಕಟ್ಟುತ್ತಾರೆ. ನಸುಕಿನಲ್ಲೇ ಮೊಗ್ಗು ಕಿತ್ತು, ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಬೇಕು; ಚೆಂಡಿಗೆ ಸುಮಾರು 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಈ ಕೆಲಸದ ಬಹುಪಾಲು ನಡೆಯುವುದು ಮನೆಯ ಜಗಲಿಗಳಲ್ಲಿ, ಹೆಂಗಸರ ಬೆರಳುಗಳಲ್ಲಿ. ಜಾತ್ರೆಯ ವರ್ಣನೆಗಳಲ್ಲಿ ರಥಕ್ಕೆ ಸಿಗುವ ಸಾಲುಗಳಲ್ಲಿ ಒಂದೂ ಇವರಿಗೆ ಸಿಗುವುದಿಲ್ಲ.

ಪುತ್ತೂರಿಗೆ ಬರುವವರು ಹೂ ನೋಡಲು ಬರುವವರಲ್ಲ, ಹರಕೆ ತೀರಿಸಲು ಬರುವವರು, ಹೋಲಿಕೆಯೇ ತಪ್ಪು ಎಂದು ಯಾರಾದರೂ ಆಕ್ಷೇಪಿಸಬಹುದು. ಹರಕೆಯ ಮಾತು ನಿಜ. ಆದರೆ ಹರಕೆಗೆ ಬಂದವರೇ ಬಳೆ ಅಂಗಡಿಯ ಮುಂದೆ ನಿಲ್ಲುತ್ತಾರೆ, ಮಕ್ಕಳನ್ನು ತೊಟ್ಟಿಲಿಗೆ ಹತ್ತಿಸುತ್ತಾರೆ, ಬೆಡಿ ಮುಗಿಯುವವರೆಗೆ ಕದಲುವುದಿಲ್ಲ. ಭಕ್ತಿ ಮತ್ತು ತಿರುಗಾಟವನ್ನು ಬೇರೆಬೇರೆ ಖಾತೆಗೆ ಬರೆಯುವ ಅಭ್ಯಾಸ ನಮ್ಮ ಜಾತ್ರೆಗಳಿಗೆ ಎಂದೂ ಇರಲಿಲ್ಲ. ಪೇಟೆ ಹೊಕ್ಕರೆ ಹೂವಿನ ಪಾವಿತ್ರ್ಯ ಕೆಡುತ್ತದೆ ಎನ್ನುವವರೂ ಇದ್ದಾರೆ. ಅವರ ಆತಂಕ ನನಗೆ ಒಪ್ಪಿಗೆಯಾಗದು: ಅಟ್ಟೆಗೆ ದರ ಕಟ್ಟುವ ಪೇಟೆ ಇಲ್ಲದಿದ್ದರೆ ಒಂದೇ ಸಂಜೆಗೆ ಅಷ್ಟು ಮಲ್ಲಿಗೆಯನ್ನು ಹೊಂದಿಸುವುದು ಸುತ್ತಲಿನ ಅಂಗಳದ ಗಿಡಗಳಿಂದ ಆಗುವ ಕೆಲಸವಲ್ಲ.