ಮೇಷ್ಟ್ರ ಜೇಬಿನ ನೋಟ್‌ಬುಕ್: ನಮ್ಮ ಶಾಲೆಗಳಲ್ಲಿ ಮೌಲ್ಯಮಾಪನ ನಡೆದು ಬಂದ ದಾರಿ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಗಣಿತದ ಮೇಷ್ಟ್ರ ಅಂಗಿ ಜೇಬಿನಲ್ಲಿರುತ್ತಿದ್ದ ಒಂದು ಸಣ್ಣ ನೋಟ್‌ಬುಕ್. ಶಾಲೆಯ ಕಟ್ಟಡ, ಫಲಿತಾಂಶ, ಬಹುಮಾನಗಳ ಬಗ್ಗೆ ಬರೆಯಲು ನನಗಿಂತ ತಿಳಿದವರಿದ್ದಾರೆ. ಮಕ್ಕಳು ಏನು ಕಲಿತರು ಎಂಬುದನ್ನು ನಮ್ಮ ಗುರುಗಳು ಹೇಗೆ ಕಂಡುಕೊಳ್ಳುತ್ತಿದ್ದರು, ಅದಕ್ಕೆ ಸರ್ಕಾರದ ನಿಯಮಗಳು ಕಾಲಕಾಲಕ್ಕೆ ಯಾವ ರೂಪ ಕೊಟ್ಟವು ಎಂಬುದಷ್ಟನ್ನೇ ಇಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

2001ರಲ್ಲಿ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ಮುಗಿಸಿ ನಾನು ಈ ಶಾಲೆಯ ಎಂಟನೇ ತರಗತಿಗೆ ಸೇರಿದೆ. ಬೀಜಗಣಿತದ ಮೊದಲ ಕಿರುಪರೀಕ್ಷೆಯಲ್ಲಿ ನನಗೆ ಹತ್ತಕ್ಕೆ ಹತ್ತು. ಮೇಷ್ಟ್ರು ಹೊಗಳುತ್ತಾರೆಂದು ಕಾಯುತ್ತಿದ್ದೆ. ಅವರು ಕರೆದು, “ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಸೂತ್ರ ಚೆನ್ನಾಗಿ ಬರೆದಿದ್ದೀಯ. ಬೋರ್ಡಿನ ಮೇಲೆ ಒಂದು ಚೌಕ ಹಾಕಿ ಅದರಲ್ಲಿ ಟೂ ಎಬಿ ಎಲ್ಲಿದೆ ತೋರಿಸಪ್ಪ” ಎಂದರು. ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತೆ. ಅವರು ಬೈಯಲಿಲ್ಲ, ಕೊಟ್ಟ ಅಂಕವನ್ನೂ ಕಡಿಮೆ ಮಾಡಲಿಲ್ಲ. ಜೇಬಿನಿಂದ ನೋಟ್‌ಬುಕ್ ತೆಗೆದು ಏನೋ ಬರೆದುಕೊಂಡರು. ಕೆಲವು ದಿನಗಳ ನಂತರ ಮೇಜಿನ ಮೇಲೆ ತೆರೆದಿದ್ದ ಆ ಪುಟ ಕಣ್ಣಿಗೆ ಬಿತ್ತು. ನನ್ನ ಹೆಸರಿನ ಮುಂದೆ ಅಂಕ ಇರಲಿಲ್ಲ. “ಸೂತ್ರ ಬರುತ್ತೆ, ಅರ್ಥ ಇಲ್ಲ. ಮತ್ತೆ ಕೇಳಬೇಕು” ಎಂದಿತ್ತು. ಎರಡು ವಾರ ಬಿಟ್ಟು ಅವರು ನಿಜವಾಗಿಯೂ ಮತ್ತೆ ಕೇಳಿದರು. ಆ ಹೊತ್ತಿಗೆ ನಾನು ಚೌಕವನ್ನು ನಾಲ್ಕು ಭಾಗ ಮಾಡಿ ತೋರಿಸುವುದನ್ನು ಕಲಿತಿದ್ದೆ.

ಬೇರೆ ಗುರುಗಳಿಗೆ ಬೇರೆ ರೀತಿ ಇತ್ತು. ಕಗ್ಗದಾಸಪುರ, ನಾಗವಾರಪಾಳ್ಯ, ಮಲ್ಲೇಶಪಾಳ್ಯ, ಬೈರಸಂದ್ರಗಳಿಂದ ಬರುತ್ತಿದ್ದ ನಮ್ಮಲ್ಲಿ ಮನೆಮಾತು ತಮಿಳು, ತೆಲುಗು, ಉರ್ದು ಆದವರು ಅನೇಕರು. ಕನ್ನಡದ ಮೇಡಂ ಅಂಥವರಿಂದ ಉತ್ತರವನ್ನು ಮೊದಲು ಬಾಯಲ್ಲಿ ಹೇಳಿಸುತ್ತಿದ್ದರು. ಪಾಠವೇ ತಿಳಿದಿಲ್ಲವೋ, ತಿಳಿದದ್ದನ್ನು ಬರೆಯಲು ಬರುವುದಿಲ್ಲವೋ ಎಂದು ನೋಡುವುದಕ್ಕೆ. ಎರಡಕ್ಕೂ ಮದ್ದು ಬೇರೆ ಎನ್ನುತ್ತಿದ್ದರು. ವಿಜ್ಞಾನದ ಮೇಡಂ ಉತ್ತರ ಪತ್ರಿಕೆ ತಿದ್ದಿದ ಮೇಲೆ ಯಾವ ಪ್ರಶ್ನೆಗೆ ಎಷ್ಟು ಮಂದಿ ತಪ್ಪು ಬರೆದಿದ್ದಾರೆಂದು ಎಣಿಸುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ತಪ್ಪಿದ್ದರೆ, “ಇದು ನಿಮ್ಮ ತಪ್ಪಲ್ಲ, ನನ್ನ ಪಾಠದ ತಪ್ಪು” ಎಂದು ಹೇಳಿ ಆ ಭಾಗವನ್ನು ಬೇರೆ ಉದಾಹರಣೆ ಕೊಟ್ಟು ಮತ್ತೆ ಮಾಡುತ್ತಿದ್ದರು.

ಇವರು ಯಾರೂ ಇದನ್ನು ಮೌಲ್ಯಮಾಪನ ಎಂದು ಕರೆಯುತ್ತಿರಲಿಲ್ಲ. ಮೌಲ್ಯಮಾಪನ ಎಂದರೆ ಆಗ ಎಸ್‌ಎಸ್‌ಎಲ್‌ಸಿ ಉತ್ತರ ಪತ್ರಿಕೆ ತಿದ್ದುವ ಕೇಂದ್ರಕ್ಕೆ ಹೋಗುವುದು, ಅಷ್ಟೆ.

ಕೂಲಿಮಠದ ಕಾಲ

ಇಂಥ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಪ್ರಾಂತ್ಯದ ಊರೂರಿನ ಶಾಲೆಗಳ ಲೆಕ್ಕ ಕೇಳಿದ. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳಿಸಿದ ವರದಿ ಅವುಗಳಲ್ಲೆಲ್ಲ ವಿವರವಾದದ್ದು. ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು ಎಂದು ಅದರಲ್ಲಿದೆ. ಶಾಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಗಗಳಿದ್ದವು. ಕಿರಿಯರನ್ನು ಹಿರಿಯ ವಿದ್ಯಾರ್ಥಿಗಳು ನೋಡಿಕೊಳ್ಳುತ್ತಿದ್ದರು, ಗುರುವಿನ ಕಣ್ಣು ಎಲ್ಲರ ಮೇಲೂ ಇರುತ್ತಿತ್ತು. ಹುಡುಗ ಒಂದು ವರ್ಗದಿಂದ ಇನ್ನೊಂದಕ್ಕೆ ಏರುತ್ತಿದ್ದುದು ಅವನ ಶಕ್ತಿ ಮತ್ತು ಕಲಿಕೆಯನ್ನು ನೋಡಿ. ವರ್ಷದ ಕೊನೆಗೆ ಎಲ್ಲರೂ ಒಟ್ಟಿಗೆ ಏರುವ ಅಥವಾ ಉಳಿಯುವ ಪದ್ಧತಿ ಅಲ್ಲಿರಲಿಲ್ಲ.

ಆದರೆ ಅದನ್ನು ಬಂಗಾರದ ಕಾಲ ಎಂದು ಹೇಳುವಂತಿಲ್ಲ. ಮಕ್ಕಳು ನೂರಾರು ಪದ್ಯಗಳನ್ನು ಅರ್ಥ ತಿಳಿಯದೆ ಗಿಣಿಯಂತೆ ಒಪ್ಪಿಸುತ್ತಾರೆ ಎಂದು ಕ್ಯಾಂಪ್‌ಬೆಲ್ ಅದೇ ವರದಿಯಲ್ಲಿ ದೂರಿದ್ದಾನೆ. ಶಾಲೆಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುವುದು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಂತರ ಬಂದವರಿಗೆ ಏಟು ಹೆಚ್ಚುತ್ತಾ ಹೋಗುವುದು ಎಂಬ ವಿವರವೂ ಅಲ್ಲಿದೆ. ಮಗುವನ್ನು ಹತ್ತಿರದಿಂದ ನೋಡುವ ಗುರು ಇದ್ದ. ಅವನು ನೋಡುತ್ತಿದ್ದುದು ಮಾತ್ರ ಬಾಯಿಪಾಠವನ್ನು. ಹತ್ತಕ್ಕೆ ಹತ್ತು ತೆಗೆದ ನನ್ನ ಕಥೆಯೂ ಅದೇ ಅಲ್ಲವೇ?

ಅಂಕ ಬಂದದ್ದು

1854ರ ವುಡ್ ಆದೇಶದ ನಂತರ ಇಲಾಖೆ, ಇನ್ಸ್‌ಪೆಕ್ಟರು, ದೊಡ್ಡ ಪರೀಕ್ಷೆಗಳು ಬಂದವು. ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ಶಿಕ್ಷಣ ಇಲಾಖೆ ಶುರುವಾಯಿತು. ಬಿ.ಎಲ್. ರೈಸ್ ಅವರ ಯೋಜನೆಯಂತೆ 1868ರಿಂದ ಹೋಬಳಿ ಶಾಲೆಗಳು ತೆರೆದವು. ಶಾಲೆ ಎಲ್ಲ ಜಾತಿಯ ಮಕ್ಕಳಿಗೂ ಸಿಗಬೇಕಾದರೆ, ಯಾರದೋ ಮಗ ಎಂಬ ಕಾರಣಕ್ಕೆ ಯಾರೂ ಪಾಸಾಗಬಾರದು ಎಂದರೆ, ಗುರುತಿಲ್ಲದ ಒಬ್ಬರು ತಿದ್ದುವ ಪರೀಕ್ಷೆ ಬೇಕಾಗಿತ್ತು. ಅದು ದೊಡ್ಡ ನ್ಯಾಯ. ಅದರ ಜೊತೆಗೆ ಒಂದು ನಷ್ಟವೂ ಆಯಿತು. ಮಗು ಎಲ್ಲಿ ತಡವರಿಸಿತು ಎಂದು ಬಲ್ಲ ಗುರುವಿನ ಮಾತಿಗೆ ಅಂತಿಮ ಕಾಗದದಲ್ಲಿ ಜಾಗ ಇಲ್ಲವಾಯಿತು.

ಈ ನಷ್ಟ ದೇಶದ ಹಿರಿಯರಿಗೆ ತಿಳಿಯದೇ ಇರಲಿಲ್ಲ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಅಧ್ಯಕ್ಷತೆಯ ಪ್ರೌಢಶಿಕ್ಷಣ ಆಯೋಗ 1953ರಲ್ಲಿಯೇ ಹೊರಗಿನ ಪರೀಕ್ಷೆಗಳನ್ನು ಕಡಿಮೆ ಮಾಡಿ, ಪ್ರತಿ ವಿದ್ಯಾರ್ಥಿಗೂ ಶಾಲೆಯಲ್ಲಿ ಒಂದು ದಾಖಲೆ ಇಡಿ, ಅದಕ್ಕೂ ಬೆಲೆ ಕೊಡಿ ಎಂದು ಹೇಳಿತು. ಅನಂತರ ಬಂದದ್ದು 1964–66ರ ಕೊಠಾರಿ ಆಯೋಗ. ಇದರ ಅಧ್ಯಕ್ಷ ಡಿ.ಎಸ್. ಕೊಠಾರಿ ಭೌತವಿಜ್ಞಾನಿ, ರಕ್ಷಣಾ ಸಚಿವಾಲಯದ ಮೊದಲ ವೈಜ್ಞಾನಿಕ ಸಲಹೆಗಾರರು. ಡಿಆರ್‌ಡಿಒ 1958ರಲ್ಲಿ ಹುಟ್ಟಿದ್ದು ಅವರ ಅವಧಿಯಲ್ಲಿ. ಸಿ.ವಿ. ರಾಮನ್ ನಗರದಲ್ಲಿ ಡಿಆರ್‌ಡಿಒ ಕಾಂಪೌಂಡ್ ಪಕ್ಕದಲ್ಲೇ ಬೆಳೆದ ನಮಗೆ ಆ ಹೆಸರು ದೂರದ್ದಲ್ಲ.

ಶಾಲೆಯೊಳಗಿನ ಮೌಲ್ಯಮಾಪನವನ್ನು ಹೊರಗಿನ ಪರೀಕ್ಷೆಯ ಅಂಕದೊಂದಿಗೆ ಬೆರೆಸದೆ ಬೇರೆಯಾಗಿ ತೋರಿಸಬೇಕು ಎಂದು ಕೊಠಾರಿ ಆಯೋಗ ಹೇಳಿತು. ಪ್ರಮಾಣಪತ್ರದಲ್ಲಿ ಯಾವ ವಿಷಯದಲ್ಲಿ ಹೇಗೆ ಮಾಡಿದ್ದಾನೆ ಎಂದು ಮಾತ್ರ ಇರಬೇಕು, ಇಡೀ ಪರೀಕ್ಷೆಯಲ್ಲಿ ಪಾಸು ಅಥವಾ ಫೇಲು ಎಂಬ ಷರಾ ಇರಬಾರದು ಎಂದೂ ಹೇಳಿತು. ಆ ವರದಿ ಕೈಸೇರಿದ 1966ರಲ್ಲೇ ನಮ್ಮ ರಾಜ್ಯದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯೂ ಸ್ಥಾಪನೆಯಾಯಿತು. ನಾನು 2004ರಲ್ಲಿ ಎಸ್‌ಎಸ್‌ಎಲ್‌ಸಿ ಬರೆಯುವಾಗಲೂ ಪಾಸು-ಫೇಲು ಷರಾ ಹಾಗೆಯೇ ಇತ್ತು.

ಒಬ್ಬ ಗೆಳೆಯನ ಅಂಕಪಟ್ಟಿ

ಆ ಷರಾ ಏನು ಮಾಡಬಲ್ಲದು ಎಂಬುದನ್ನು ನಾನು ಕಣ್ಣಾರೆ ಕಂಡೆ. ನನ್ನ ಬೆಂಚಿನ ಗೆಳೆಯನ ತಂದೆ ರಾಯಚೂರಿನ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಗೆಳೆಯ ಬಾಯಿಲೆಕ್ಕದಲ್ಲಿ ನಮಗೆಲ್ಲ ಗುರು. ಇಂಗ್ಲಿಷ್ ಕಾಗುಣಿತ ಮಾತ್ರ ಒಲಿಯಲಿಲ್ಲ. 2004ರಲ್ಲಿ ಗಣಿತದಲ್ಲಿ 81 ತೆಗೆದ ಅವನು ಇಂಗ್ಲಿಷಿನಲ್ಲಿ 29 ತೆಗೆದು ಫೇಲಾದ. ಗಣಿತದ ಮೇಷ್ಟ್ರು ತಮ್ಮ ನೋಟ್‌ಬುಕ್ ಹಿಡಿದು ಅವನ ಮನೆ ಹುಡುಕಿಕೊಂಡು ಹೋದರು. “ಇವನು ದಡ್ಡನಲ್ಲ ಯಜಮಾನ್ರೇ. ಇವನಿಗೆ ಬಾರದಿರುವುದು ಇಷ್ಟು ಮಾತ್ರ. ಪೂರಕ ಪರೀಕ್ಷೆಗೆ ನಾವು ಹೇಳಿಕೊಡುತ್ತೇವೆ” ಎಂದರು. ಅಷ್ಟರಲ್ಲಿ ತಂದೆ ಅವನನ್ನು ವೈರಿಂಗ್ ಕೆಲಸಕ್ಕೆ ಒಪ್ಪಿಸಿ ಮುಂಗಡ ತೆಗೆದುಕೊಂಡಾಗಿತ್ತು. ಅವನು ಮತ್ತೆ ಪರೀಕ್ಷೆಗೆ ಕೂರಲಿಲ್ಲ.

ಈಗ ಅವನಿಗೆ ಕಗ್ಗದಾಸಪುರದಲ್ಲಿ ಸ್ವಂತ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ, ಚೆನ್ನಾಗಿದ್ದಾನೆ. ಆದರೂ ಈ ಲೇಖನದ ವಿಷಯ ಹೇಳಿದಾಗ, “ಮೇಷ್ಟ್ರು ಅಪ್ಪನಿಗೆ ಹೇಳಿದ ಮಾತನ್ನು ಒಂದು ವರ್ಷ ಮೊದಲೇ ಹೇಳಿದ್ದರೆ ಆಗ್ತಿತ್ತು ಕಣೋ” ಎಂದ. ನಿವೃತ್ತರಾಗಿರುವ ಮೇಷ್ಟ್ರನ್ನು ಕಂಡು ಇದನ್ನು ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನು ಹೇಳೋದು ಸರಿ. ಎಲ್ಲ ಬರೆದುಕೊಂಡಿದ್ದೆ, ಆದರೆ ನನ್ನ ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಇಂಗ್ಲಿಷ್ ಮೇಷ್ಟ್ರಿಗೂ ತೋರಿಸಲಿಲ್ಲ, ಅವರಪ್ಪನಿಗೂ ತೋರಿಸಲಿಲ್ಲ” ಎಂದರು.

ಒಳ್ಳೆಯ ಗುರುವಿನ ಒಳನೋಟ ಅವರೊಬ್ಬರಲ್ಲೇ ಉಳಿದರೆ ಸಾಲದು ಎಂದು ನನಗೆ ಅರ್ಥವಾದದ್ದು ಆ ದಿನ. ಅದನ್ನು ಕಾಗದಕ್ಕೆ ತರಲು ಸರ್ಕಾರ ಪ್ರಯತ್ನಿಸಿದ್ದರಲ್ಲಿ ತಪ್ಪೇನಿಲ್ಲ.

ಹೊಸ ನಿಯಮಗಳು

ಹೊರಗಿನ ಜಗತ್ತಿನಲ್ಲೂ ಇದೇ ಚಿಂತನೆ ನಡೆದಿತ್ತು. ಕಲಿಕೆ ನಡೆಯುತ್ತಿರುವಾಗಲೇ ತಿದ್ದಿಕೊಳ್ಳಲು ಮಾಡುವ ಪರಿಶೀಲನೆಗೆ ‘ರೂಪಣಾತ್ಮಕ’ ಎಂಬ ಅರ್ಥದ ಹೆಸರು ಕೊಟ್ಟವರು ಮೈಕೇಲ್ ಸ್ಕ್ರಿವನ್, 1967ರಲ್ಲಿ. 1988ರಲ್ಲಿ ಪ್ರಕಟವಾದ ರೂತ್ ಬಟ್ಲರ್ ಅವರ ಅಧ್ಯಯನದಲ್ಲಿ, ಕೇವಲ ಟಿಪ್ಪಣಿ ಪಡೆದ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಟಿಪ್ಪಣಿಯ ಜೊತೆ ಅಂಕವನ್ನೂ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ನಮ್ಮ ಮೇಷ್ಟ್ರು ಲೆಕ್ಕದಲ್ಲಿ ಎಲ್ಲಿ ಜಾರಿದೆವೋ ಅಲ್ಲಿ ಪೆನ್ಸಿಲಿನಿಂದ ಒಂದು ಸುತ್ತು ಹಾಕಿ, ಅಂಕ ಕೊಡದೆ ಪುಸ್ತಕ ಹಿಂದಿರುಗಿಸುತ್ತಿದ್ದುದು ನೆನಪಾಗುತ್ತದೆ. ಅವರು ಈ ಅಧ್ಯಯನಗಳನ್ನು ಓದಿರಲಿಲ್ಲ. ಅಂಕ ಹಾಕಿಕೊಟ್ಟರೆ ಹುಡುಗರು ತಪ್ಪನ್ನು ನೋಡುವುದೇ ಇಲ್ಲ ಎಂಬುದನ್ನು ಅನುಭವದಿಂದ ಕಂಡಿದ್ದರು.

ಕರ್ನಾಟಕದಲ್ಲಿ ಇಂಥ ಅನುಭವದಿಂದಲೇ ಹುಟ್ಟಿದ್ದು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ರಿಷಿ ವ್ಯಾಲಿಯ ಮಾದರಿ ನೋಡಿ ಬಂದ ಸರ್ಕಾರಿ ಶಿಕ್ಷಕರು ಯುನಿಸೆಫ್ ನೆರವಿನಿಂದ ಅದನ್ನು ರೂಪಿಸಿದರು. ಕಲಿಕಾ ಏಣಿಯ ಮೇಲೆ ಪ್ರತಿ ಮಗುವೂ ತನ್ನ ಮೆಟ್ಟಿಲಲ್ಲಿ ನಿಂತು, ಅದು ದಾಟಿದ ಮೇಲೆ ಮುಂದಕ್ಕೆ ಹೋಗುತ್ತದೆ. ಕ್ಯಾಂಪ್‌ಬೆಲ್ ಕಂಡ ಬಳ್ಳಾರಿಯ ಶಾಲೆಗಳಂತೆಯೇ, ಆದರೆ ಬಾಯಿಪಾಠವೂ ಏಟೂ ಇಲ್ಲದೆ.

2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಅದರೊಂದಿಗೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ, ಅಂದರೆ ಸಿಸಿಇ, ಕಾನೂನಾಯಿತು. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ. 2014–15ರಿಂದ ಎಸ್‌ಎಸ್‌ಎಲ್‌ಸಿಯಲ್ಲೂ 80 ಅಂಕ ಪರೀಕ್ಷೆಗೆ, 20 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ ಎಂದಾಯಿತು. ಮೇಷ್ಟ್ರ ನೋಟ್‌ಬುಕ್ಕಿಗೆ ಕೊನೆಗೂ ಮಾನ್ಯತೆ ಸಿಕ್ಕಿತು ಎನ್ನಬೇಕು. ಆದರೆ ಕೊಠಾರಿ ಆಯೋಗ ಬೆರೆಸಬೇಡಿ ಎಂದದ್ದನ್ನೇ ಇಲ್ಲಿ ಬೆರೆಸಲಾಯಿತು. ಆ 20 ಅಂಕ ಮಗುವಿನ ಒಟ್ಟು ಮೊತ್ತಕ್ಕೆ ಸೇರುವುದರಿಂದ, ಯಾವ ಗುರುವಿಗೆ ತನ್ನ ವಿದ್ಯಾರ್ಥಿಗೆ 11 ಕೊಡಲು ಮನಸ್ಸು ಬರುತ್ತದೆ? ಹಾಗಾಗಿ ಎಲ್ಲರಿಗೂ 18, 19. ಅಂಕ ನೋಡಿದರೆ ಯಾರು ಎಲ್ಲಿ ನಿಂತಿದ್ದಾರೆಂದು ಗೊತ್ತಾಗುವುದಿಲ್ಲ.

ಈಗ ಸೇವೆಯಲ್ಲಿರುವ ಶಿಕ್ಷಕರೊಬ್ಬರು ನನಗೆ ಹೇಳಿದರು: “ತಪ್ಪು ಹುಡುಕಿ ತಿದ್ದೋಕೆ ಇದ್ದ ಹೊತ್ತು ಈಗ ಕಾಲಂ ತುಂಬೋಕೆ ಹೋಗುತ್ತೆ ಸಾರ್.” ನಾನು ತಂತ್ರಾಂಶದ ಕೆಲಸದವನು, ಇದರಲ್ಲಿ ನಮ್ಮವರ ಪಾಲೂ ಇದೆ. ಸಂಖ್ಯೆಯನ್ನು ತುಂಬಿಸಿಕೊಳ್ಳುವ ಖಾನೆ ಮಾಡುವುದು ಸುಲಭ. “ಸೂತ್ರ ಬರುತ್ತೆ, ಅರ್ಥ ಇಲ್ಲ” ಎಂಬುದಕ್ಕೆ ಖಾನೆ ಮಾಡುವುದು ಕಷ್ಟ. ಆದರೆ ನಮ್ಮ ಕೆಲಸದಲ್ಲಿ ತಂತ್ರಾಂಶ ಕೆಟ್ಟಾಗ ‘ಫೇಲ್’ ಎಂದಷ್ಟೇ ಬರೆದು ಕೊಟ್ಟರೆ ಯಾರೂ ಒಪ್ಪುವುದಿಲ್ಲ. ಯಾವ ಸಾಲಿನಲ್ಲಿ, ಯಾವ ಸಂದರ್ಭದಲ್ಲಿ ಕೆಟ್ಟಿತು ಎಂದು ಹೇಳಲೇಬೇಕು. ಯಂತ್ರಕ್ಕೆ ಕೊಡುವಷ್ಟು ಗಮನವನ್ನು ಮಗುವಿಗೆ ಕೊಡಬಾರದೇ?

ಈಚಿನ ವರ್ಷಗಳು ಇನ್ನೊಂದು ಪಾಠ ಹೇಳುತ್ತವೆ. ಕೋವಿಡ್ ಕಾಲದಲ್ಲಿ, 2021ರ ಜುಲೈ 19 ಮತ್ತು 22ರಂದು, ಎಸ್‌ಎಸ್‌ಎಲ್‌ಸಿಯ ಆರೂ ವಿಷಯಗಳ ಪರೀಕ್ಷೆ ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಎರಡೇ ದಿನದಲ್ಲಿ ಮುಗಿಯಿತು. ಫಲಿತಾಂಶ ಶೇ. 99.99. 2023ರಲ್ಲಿ ಶೇ. 83.89 ಇದ್ದದ್ದು, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ, ಕೃಪಾಂಕ ಹೆಚ್ಚಿಸಿದ ಮೇಲೂ, ಶೇ. 73.40ಕ್ಕೆ ಇಳಿಯಿತು. ಮೂರು ವರ್ಷದಲ್ಲಿ ಮಕ್ಕಳ ಬುದ್ಧಿ ಹಾಗೆ ಏರಿ ಇಳಿಯಲಿಲ್ಲ. ಅಳೆಯುವ ಕೋಲು ಬದಲಾಯಿತು. ಕ್ಯಾಮೆರಾ ನಕಲನ್ನು ತಡೆಯಬಲ್ಲದು. ನಕಲು ಮಾಡದ ಹುಡುಗಿಗೆ ಭಿನ್ನರಾಶಿ ಏಕೆ ಅರ್ಥವಾಗಿಲ್ಲ ಎಂದು ಅದು ಹೇಳಲಾರದು.

ನಾವು ಮಾಡಬಹುದಾದದ್ದು

ನಮ್ಮ ಬಡಾವಣೆಗೆ ಹೆಸರು ಕೊಟ್ಟ ಸರ್ ಸಿ.ವಿ. ರಾಮನ್ 1907ರಲ್ಲಿ ಹಣಕಾಸು ಸೇವೆಯ ಪರೀಕ್ಷೆ ಬರೆದು ಪ್ರಥಮ ಸ್ಥಾನ ಪಡೆದರು. ಆ ಪರೀಕ್ಷೆ ಅವರನ್ನು ಕಲ್ಕತ್ತೆಯ ಲೆಕ್ಕಪತ್ರ ಕಚೇರಿಗೆ ಕಳಿಸಿತು. ಅವರ ನಿಜವಾದ ಶಕ್ತಿ ಗೊತ್ತಾದದ್ದು ಕಚೇರಿಯ ಹೊತ್ತು ಮುಗಿಸಿ ಅವರು ಹೋಗುತ್ತಿದ್ದ ಪ್ರಯೋಗಾಲಯದಲ್ಲಿ. ಪರೀಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ. ಈ ಶಾಲೆಯಿಂದ ಬಿಇ ಓದುವವರೆಗೆ ನನ್ನನ್ನು ಕರೆದೊಯ್ದದ್ದು ಯಾರ ಶಿಫಾರಸೂ ಕೇಳದ ಪರೀಕ್ಷೆಗಳೇ. ಆದರೆ ಪರೀಕ್ಷೆ ಬಾಗಿಲು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಎಲ್ಲಿ ಎಡವಿದೆ ಎಂದು ಹೇಳುವವರು ಗುರುಗಳು ಮಾತ್ರ.

ಹಳೆಯ ವಿದ್ಯಾರ್ಥಿಗಳಲ್ಲಿ, ಊರಿನ ಹಿರಿಯರಲ್ಲಿ ನನ್ನದೊಂದು ಮನವಿ. ‘ಸಮುದಾಯದತ್ತ ಶಾಲೆ’ ಸಭೆಗೆ ಹೋದಾಗ “ನಮ್ಮ ಹುಡುಗನಿಗೆ ಎಷ್ಟು ಬಂತು” ಎಂದು ಕೇಳಿ ಎದ್ದು ಬರಬೇಡಿ. “ಎಲ್ಲಿ ನಿಂತಿದ್ದಾನೆ, ಮನೆಯಲ್ಲಿ ನಾವೇನು ಮಾಡಬೇಕು” ಎಂದೂ ಕೇಳಿ. ದಾಖಲೆ ತುಂಬುವ ಕೆಲಸದಲ್ಲಿ ಕೈಜೋಡಿಸಲು ನಮ್ಮಂಥವರು ತಿಂಗಳಿಗೆ ಎರಡು ಶನಿವಾರ ಬರಬಹುದು. ಅಷ್ಟು ಹೊತ್ತು ಶಿಕ್ಷಕರಿಗೆ ಉತ್ತರ ಪತ್ರಿಕೆಯನ್ನು ಮಗುವಿನ ಎದುರು ಕೂತು ನೋಡಲು ಸಿಗಲಿ. ಬಾಗ್ಮನೆ ಟೆಕ್ ಪಾರ್ಕಿನಿಂದ ಇಲ್ಲಿಗೆ ದೂರವೇನಿಲ್ಲ. ಈಗಾಗಲೇ ಮೂವರು ಒಪ್ಪಿದ್ದೇವೆ. ಮೋಟಾರ್ ಅಂಗಡಿಯ ಗೆಳೆಯ ನಾಲ್ಕನೆಯವನು. ಕಾಗದದ ಕೆಲಸ ತನಗೆ ಬೇಡ, ಬಾಯಿಲೆಕ್ಕ ಹೇಳಿಕೊಡುತ್ತೇನೆ ಎಂದಿದ್ದಾನೆ.

ಮೇಷ್ಟ್ರು ತಮ್ಮಲ್ಲಿ ಉಳಿದಿದ್ದ ಎರಡು ನೋಟ್‌ಬುಕ್‌ಗಳನ್ನು ಶಾಲೆಗೆ ಕೊಡಲು ಒಪ್ಪಿದ್ದಾರೆ. ಮಕ್ಕಳ ಹೆಸರಿರುವುದರಿಂದ ಪ್ರದರ್ಶನಕ್ಕೆ ಇಡಬೇಡಿ, ಹೊಸದಾಗಿ ಬರುವ ಶಿಕ್ಷಕರಿಗೆ ತೋರಿಸಿ ಎಂದಿದ್ದಾರೆ. ನನ್ನ ಹೆಸರಿನ ಪುಟ ಯಾರು ನೋಡಿದರೂ ನನಗೆ ಬೇಸರವಿಲ್ಲ.