ಒಂದು ಟ್ರಂಕು, ಎರಡು ಕಾಗದ ಮತ್ತು 1978ರ ಓಟು

ಮೊನ್ನೆ ಊರಿಗೆ ಹೋಗಿದ್ದೆ. ಕಿಗ್ಗದ ಕಡೆಯಿಂದ ಸಿರಿಮನೆ ಫಾಲ್ಸಿಗೆ ಹೋಗೋ ಕಾರುಗಳಿಗೆ ದಾರಿ ಬಿಟ್ಟು ಬಿಟ್ಟು ಮನೆ ಸೇರೋ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಊಟವಾದ ಮೇಲೆ ದೊಡ್ಡಪ್ಪ ಅಟ್ಟದಿಂದ ಕಬ್ಬಿಣದ ಟ್ರಂಕು ಇಳಿಸಿದರು. ಪಹಣಿಯಲ್ಲಿ ಏನೋ ಹೆಸರು ತಪ್ಪಾಗಿದೆಯಂತೆ, ಹಳೇ ಕಾಗದ ಬೇಕಂತೆ. ಹುಡುಕುತ್ತಾ ಹುಡುಕುತ್ತಾ ಎರಡು ಕಾಗದ ಸಿಕ್ಕಿದವು. ಎರಡೂ ಭೂನ್ಯಾಯಮಂಡಳಿಯವು. ಒಂದರಲ್ಲಿ ನಮ್ಮ ಅಜ್ಜ ಭೂಮಾಲೀಕ. ಇನ್ನೊಂದರಲ್ಲಿ ಅದೇ ಅಜ್ಜ ಗೇಣಿದಾರ!

ನನಗೆ ನಗು ಬಂತು. ದೊಡ್ಡಪ್ಪನಿಗೆ ಬರಲಿಲ್ಲ.

ವಿಷಯ ಇಷ್ಟೇ. ಅಜ್ಜನಿಗೆ ಮನೆಯಿಂದ ದೂರದಲ್ಲಿ ಎರಡೆಕರೆ ಗದ್ದೆ ಇತ್ತು. ಹೋಗಿಬಂದು ಸಾಗುವಳಿ ಮಾಡಲಾಗದೆ ಗೇಣಿಗೆ ಕೊಟ್ಟಿದ್ದರು. ಮನೆ ಹತ್ತಿರ ಇನ್ನೊಬ್ಬರ ಒಂದೂವರೆ ಎಕರೆಯನ್ನು ತಾವು ಗೇಣಿಗೆ ಹಿಡಿದಿದ್ದರು. ಕಾನೂನು ಬಂದಾಗ ಎರಡೆಕರೆ ಹೋಯಿತು, ಒಂದೂವರೆ ಎಕರೆ ಬಂತು. ಮಲೆನಾಡಿನ ಭೂಸುಧಾರಣೆ ಅಂದ ತಕ್ಷಣ ಒಂದು ಕಡೆ ಜಮೀನ್ದಾರ, ಇನ್ನೊಂದು ಕಡೆ ಒಕ್ಕಲು ಅಂತ ಸಿನಿಮಾ ಥರ ಕಣ್ಣ ಮುಂದೆ ಬರುತ್ತಲ್ಲ, ನಮ್ಮ ಟ್ರಂಕು ಅದಕ್ಕೆ ಒಪ್ಪಲಿಲ್ಲ.

ಈ ಕಾನೂನು ಒಂದು ದಿನ ಬೆಳಗಾಗುವುದರೊಳಗೆ ಹುಟ್ಟಿದ್ದಲ್ಲ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯೋ ಕೊಳಗದ ಗಾತ್ರಕ್ಕೇ ಜಗಳವಾಗಿ ಸತ್ಯಾಗ್ರಹ ನಡೆಯಿತು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದರ ಮರುವರ್ಷವೇ ಮೈಸೂರು ಗೇಣಿ ಕಾಯಿದೆ ಬಂತು. ಕೆಂಗಲ್ ಹನುಮಂತಯ್ಯನವರ ಸಂಪುಟದಲ್ಲಿ ಕಂದಾಯ ಮಂತ್ರಿಯಾಗಿದ್ದ ಕಡಿದಾಳ್ ಮಂಜಪ್ಪನವರು, ನಮ್ಮ ಪಕ್ಕದ ತೀರ್ಥಹಳ್ಳಿಯವರೇ, 1954 ಮತ್ತು 1955ರ ಇನಾಂ ರದ್ದತಿ ಕಾನೂನುಗಳ ಹಿಂದಿದ್ದವರು. ಶೃಂಗೇರಿ ಆಗ ಮಠದ ಜಹಗೀರು. ಆ ವ್ಯವಸ್ಥೆ ಮುಗಿದದ್ದು ಇನಾಂ ರದ್ದತಿಯ ಆ ಅಲೆಯಲ್ಲೇ. ಆಮೇಲೆ ಜತ್ತಿ ಸಮಿತಿ, ಅದರ ಮೇಲೆ 1961ರ ಭೂಸುಧಾರಣಾ ಕಾಯಿದೆ, ಅದು ಜಾರಿಗೆ ಬಂದದ್ದು 1965ರಲ್ಲಿ. ಅದರಲ್ಲಿ ಎಷ್ಟು ತೂತುಗಳಿದ್ದವು ಅಂದರೆ, ಸ್ವಂತ ಸಾಗುವಳಿಗೆ ಬೇಕು ಅಂತ ಹೇಳಿ ಒಡೆಯ ಜಮೀನು ವಾಪಸ್ ಪಡೆಯಲು ದಾರಿ ಇತ್ತು. ಕಾನೂನು ಬರುತ್ತೆ ಅಂತ ಗೊತ್ತಾದವರು ಮೊದಲೇ ಒಕ್ಕಲು ಬಿಡಿಸುತ್ತಿದ್ದರು.

ದೇವರಾಜ ಅರಸು ಆ ತೂತುಗಳನ್ನು ಮುಚ್ಚಿದರು. ಗೇಣಿಯಲ್ಲಿದ್ದ ಜಮೀನೆಲ್ಲ 1974ರ ಮಾರ್ಚ್ 1ರಿಂದ ಸರ್ಕಾರದ್ದು. ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಬೇಕು. ನಮ್ಮ ಕಡೆ ಈಗಲೂ ಯಾರೂ ಭೂಸುಧಾರಣೆ ಅನ್ನೋದಿಲ್ಲ, 'ಡಿಕ್ಲರೇಶನ್ ಹಾಕಿದ' ಅಂತಲೇ ಹೇಳೋದು. "ಅವನು ಡಿಕ್ಲರೇಶನ್ ಹಾಕಿದ" ಅನ್ನೋ ಮಾತನ್ನು ಒಡೆಯರ ಮನೆಯಲ್ಲಿ ಹೇಳೋ ದನಿಯೇ ಬೇರೆ, ಒಕ್ಕಲಿನ ಮನೆಯಲ್ಲಿ ಹೇಳೋ ದನಿಯೇ ಬೇರೆ.

ಅರ್ಜಿ ವಿಚಾರಣೆಗೆ ತಾಲೂಕಿಗೊಂದು ನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ. ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕು. ವಕೀಲರಿಗೆ ಪ್ರವೇಶವಿಲ್ಲ. ಮೇಲ್ಮನವಿಯೂ ಇಲ್ಲ, ಬೇಕಾದರೆ ಹೈಕೋರ್ಟಿಗೆ ರಿಟ್ ಹಾಕಬೇಕು. ಮೇಲ್ಮನವಿ ಪ್ರಾಧಿಕಾರ ಅಂತ ಬಂದದ್ದು 1986ರಲ್ಲಿ. ಇದನ್ನು ಅನ್ಯಾಯ ಅಂತ ಬೈದವರು ಬಹಳ ಜನ. ಸರ್ಕಾರ ನೇಮಿಸಿದ ರಾಜಕೀಯದವರು ಕೂತು ಆಸ್ತಿ ಹಂಚೋದು ಅಂದರೇನು, ಯಾರು ಯಾರಿಗೆ ಉತ್ತರ ಹೇಳಬೇಕು? ಪ್ರಶ್ನೆ ಸರಿಯೇ. ಆದರೆ ನನಗನ್ನಿಸೋದು, ವಕೀಲರನ್ನೂ ಅಪೀಲನ್ನೂ ಇಟ್ಟಿದ್ದರೆ ಕೊಪ್ಪದ ಒಬ್ಬ ಒಕ್ಕಲಿನ ಕೇಸು ಅವನ ಮೊಮ್ಮಗನ ಕಾಲಕ್ಕೂ ಮುಗಿಯುತ್ತಿರಲಿಲ್ಲ. ಅರ್ಜಿ ಹಾಕಲು ಗಡುವನ್ನು 1979ರ ಜೂನ್ 30ರವರೆಗೂ ಎಳೆದರು. ರಾಜ್ಯದಲ್ಲಿ ಒಟ್ಟು 8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು, ಅರ್ಧಕ್ಕಿಂತ ಹೆಚ್ಚಿನವು ಗೇಣಿದಾರರ ಪರವಾಗಿಯೇ ಆದವು.

ಇಲ್ಲಿ ನಮ್ಮ ಮೂರು ತಾಲೂಕುಗಳ ಮಟ್ಟಿಗೆ ಒಂದು ಮುಖ್ಯ ವಿಷಯ ಇದೆ, ಅದನ್ನು ಯಾರೂ ಹೆಚ್ಚು ಮಾತಾಡೋದಿಲ್ಲ. ಕಾಯಿದೆಯ 104ನೇ ಕಲಂ. ಕಾಫಿ, ಟೀ, ರಬ್ಬರ್, ಏಲಕ್ಕಿ, ಕಾಳುಮೆಣಸಿನ ಪ್ಲಾಂಟೇಶನ್ನುಗಳಿಗೆ ಭೂಮಿತಿ ಅನ್ವಯಿಸದು. ಆ ಪಟ್ಟಿಯಲ್ಲಿ ಅಡಿಕೆ ಇಲ್ಲ! ಭತ್ತದ ಮಾತಂತೂ ಬಿಡಿ. ಅಂದರೆ ಗೇಣಿಗೆ ಕೊಟ್ಟ ಎರಡೆಕರೆ ಗದ್ದೆಯ ವಿಧವೆ ಜಮೀನು ಕಳೆದುಕೊಂಡಳು, ಕೂಲಿ ಆಳಿಟ್ಟು ನೂರಾರು ಎಕರೆ ಕಾಫಿ ಮಾಡಿಸುವವರಿಗೆ ಏನೂ ಆಗಲಿಲ್ಲ. ಇನ್ನೂ ಒಂದಿದೆ. ಕೃಷಿ ಕೂಲಿಯವನಿಗೆ ಅವನು ವಾಸವಿರುವ ಮನೆಯ ಹಕ್ಕು ಕೊಡುವ 38ನೇ ಕಲಂ ಕೂಡ ಪ್ಲಾಂಟೇಶನ್ನಿಗೆ ಅನ್ವಯಿಸದು. ಹಾಗಾಗಿ ಗದ್ದೆಯ ಒಕ್ಕಲು ಒಡೆಯನಾದ, ಎಸ್ಟೇಟಿನ ಲೈನ್ ಮನೆಯವನು ಲೈನ್ ಮನೆಯಲ್ಲೇ ಉಳಿದ. 'ಉಳುವವನೇ ಹೊಲದೊಡೆಯ' ಅನ್ನೋದರಲ್ಲಿ ಕಾಫಿ ಗಿಡದ ಬುಡ ಬಿಡಿಸುವವನು ಉಳುವವನಲ್ಲ, ನೋಡಿ.

ಇನ್ನು ಅರಸರ ಕಡೆಗೆ ಬರೋಣ. 1977ರಲ್ಲಿ ದೆಹಲಿಯಲ್ಲಿ ಜನತಾ ಸರ್ಕಾರ ಬಂತು. ಕರ್ನಾಟಕ ಮಾತ್ರ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ ಕೊಟ್ಟಿತ್ತು. ಅರಸರ ಮೇಲಿನ ಭ್ರಷ್ಟಾಚಾರದ ಆರೋಪಗಳ ವಿಚಾರಣೆಗೆ ಆ ಮೇ ತಿಂಗಳಲ್ಲಿ ಕೇಂದ್ರ, ನ್ಯಾಯಮೂರ್ತಿ ಎ.ಎನ್. ಗ್ರೋವರ್ ಅವರ ಆಯೋಗ ನೇಮಿಸಿತು. ಅದಕ್ಕೆ ಸ್ವಲ್ಪ ಮೊದಲೇ ರಾಜ್ಯ ಸರ್ಕಾರ ತಾನೇ ಒಂದು ಆಯೋಗ ಮಾಡಿಕೊಂಡು ಕೂತಿತ್ತು (ಈ ಉಪಾಯ ಇಂದಿಗೂ ಹಳೆಯದಾಗಿಲ್ಲ!). ರಾಜ್ಯದ ಮಂತ್ರಿಗಳು ವಿಧಾನಸಭೆಗೆ ಉತ್ತರ ಹೇಳಬೇಕಾದವರು, ಕೇಂದ್ರ ಕೇಳೋ ಹಾಗಿಲ್ಲ ಅಂತ ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಏಳು ನ್ಯಾಯಮೂರ್ತಿಗಳ ಪೀಠ 1977ರ ನವೆಂಬರಿನಲ್ಲಿ ಬಹುಮತದಿಂದ ದಾವೆಯನ್ನು ತಳ್ಳಿಹಾಕಿತು. ಮುಖ್ಯಮಂತ್ರಿಯ ಮೇಲೆ ಕೇಂದ್ರವೂ ವಿಚಾರಣಾ ಆಯೋಗ ನೇಮಿಸಬಹುದು ಅನ್ನೋದು ಇವತ್ತಿಗೂ ಪಾಠದಲ್ಲಿ ಬರುವ ತೀರ್ಪು, ಅದರ ಮೂಲ ನಮ್ಮ ಅರಸರು. ಡಿಸೆಂಬರ್ 31ರಂದು ಸರ್ಕಾರ ವಜಾ ಆಯಿತು. ಗ್ರೋವರ್ ಆಯೋಗ ಕೆಲವು ಆರೋಪಗಳಲ್ಲಿ ಸ್ವಜನಪಕ್ಷಪಾತ ನಡೆದಿದೆ ಅಂತಲೂ ಹೇಳಿತು.

ಜನ ಏನು ಮಾಡಿದರು? 1978ರ ಫೆಬ್ರವರಿಯಲ್ಲಿ 224ರಲ್ಲಿ 149 ಸೀಟು ಕೊಟ್ಟು ಅರಸರನ್ನು ವಾಪಸ್ ಕಳಿಸಿದರು.

ಅದೇ ವರ್ಷ ನಮ್ಮ ಜಿಲ್ಲೆ ಇಡೀ ದೇಶಕ್ಕೆ ಗೊತ್ತಾಯಿತು. ಚಿಕ್ಕಮಗಳೂರಿನ ಎಂ.ಪಿ. ಡಿ.ಬಿ. ಚಂದ್ರೇಗೌಡರು ಇಂದಿರಾ ಗಾಂಧಿಯವರಿಗಾಗಿ ರಾಜೀನಾಮೆ ಕೊಟ್ಟರು. ಎದುರು ನಿಂತದ್ದು ವೀರೇಂದ್ರ ಪಾಟೀಲರು, ಪ್ರಚಾರಕ್ಕೆ ಜಾರ್ಜ್ ಫರ್ನಾಂಡಿಸ್ ಬಂದಿದ್ದರು. ತುರ್ತು ಪರಿಸ್ಥಿತಿಗೆ ಉತ್ತರ ಕೊಡಿ ಅಂತ ಜನತಾದವರು, ಡಿಕ್ಲರೇಶನ್ ನೆನಪಿರಲಿ ಅಂತ ಅರಸು. ದೊಡ್ಡಪ್ಪನಿಗೆ ಆಗ ಇಪ್ಪತ್ತೆರಡು. "ಅಪ್ಪಯ್ಯ ಎರಡೆಕರೆ ಹೋದ ಸಿಟ್ಟಿಗೆ ಜನತಾಕ್ಕೆ ಹಾಕಿದ್ರು. ಅಮ್ಮ ಒಂದೂವರೆ ಎಕರೆ ಬಂದಿದ್ದಕ್ಕೆ ಕೈಗೆ ಹಾಕಿದ್ಲು. ಇಬ್ರೂ ಒಟ್ಟಿಗೇ ನಡ್ಕೊಂಡು ಹೋಗಿ ಬಂದ್ರು ಮಾರಾಯ" ಅಂದರು. ನಮ್ಮ ಮನೆಯ ಲೆಕ್ಕ ಸಮ, ಕ್ಷೇತ್ರದ್ದು ಹಾಗಲ್ಲ. ಇಂದಿರಾ 70 ಸಾವಿರಕ್ಕೂ ಹೆಚ್ಚು ಓಟಿನಿಂದ ಗೆದ್ದರು.

ಆಮೇಲಿನದ್ದು ಬೇಗ ಹೇಳಿಬಿಡುತ್ತೇನೆ. ಡಿಸೆಂಬರ್ 19ಕ್ಕೆ ಲೋಕಸಭೆ ಅವರನ್ನು ಹಕ್ಕುಚ್ಯುತಿ ಮೇಲೆ ಉಚ್ಚಾಟಿಸಿ ಜೈಲಿಗೂ ಕಳಿಸಿತು. ಎರಡು ತಿಂಗಳೂ ಪೂರ್ತಿ ಅವರು ನಮ್ಮ ಎಂ.ಪಿ. ಆಗಿರಲಿಲ್ಲ. 1979ರಲ್ಲಿ ಅರಸರನ್ನೇ ಅವರ ಪಕ್ಷ ಹೊರಹಾಕಿತು. 1980ರಲ್ಲಿ ಇಂದಿರಾ ನಿಂತದ್ದು ರಾಯಬರೇಲಿ ಮತ್ತು ಮೇದಕ್‌ನಲ್ಲಿ, ಚಿಕ್ಕಮಗಳೂರಿನಲ್ಲಿ ಅಲ್ಲ. ಅವರಿಗೆದುರಾಗಿ ನಿಂತಿದ್ದ ವೀರೇಂದ್ರ ಪಾಟೀಲರು 1989ರಲ್ಲಿ ಕಾಂಗ್ರೆಸ್ಸಿನಿಂದಲೇ ಮುಖ್ಯಮಂತ್ರಿಯಾದರು. ಸೀಟು ಬಿಟ್ಟುಕೊಟ್ಟ ಚಂದ್ರೇಗೌಡರು ಜನತಾ ಪಕ್ಷದ ಕಾಲದಲ್ಲಿ ಸ್ಪೀಕರ್, 1999ರಲ್ಲಿ ನಮ್ಮ ಶೃಂಗೇರಿಯ ಕಾಂಗ್ರೆಸ್ ಎಂ.ಎಲ್.ಎ., 2009ರಲ್ಲಿ ಬೆಂಗಳೂರು ಉತ್ತರದ ಬಿಜೆಪಿ ಎಂ.ಪಿ. 2023ರ ನವೆಂಬರಿನಲ್ಲಿ ತೀರಿಕೊಂಡರು.

ಜನ ಭ್ರಷ್ಟಾಚಾರವನ್ನು ಕ್ಷಮಿಸಿದರು ಅಂತ ಇದನ್ನೆಲ್ಲ ಬರೆಯುವವರಿದ್ದಾರೆ. ನನಗೆ ಹಾಗನ್ನಿಸೋದಿಲ್ಲ. ಗ್ರೋವರ್ ವರದಿ ಪೇಪರಿನಲ್ಲಿತ್ತು, ಡಿಕ್ಲರೇಶನ್ ಕಾಗದ ಮನೆಯ ಟ್ರಂಕಿನಲ್ಲಿತ್ತು. ಕೊಟ್ಟ ಮಾತು ನಡೆಸಿದ್ದಾನೋ ಇಲ್ಲವೋ ಅಂತ ಓದು ಬಾರದ ಒಕ್ಕಲಿಗೂ ಬೆರಳಿಟ್ಟು ತೋರಿಸಬಹುದಾಗಿದ್ದದ್ದು ಟ್ರಂಕಿನ ಕಾಗದ ಒಂದೇ.

ಅಜ್ಜ ಕಳೆದುಕೊಂಡ ಎರಡೆಕರೆ ನೋಡಲು ಸಂಜೆ ಹೋಗಿದ್ದೆವು. ಗದ್ದೆ ಅಡಿಕೆ ತೋಟವಾಗಿ ಯಾವ ಕಾಲವಾಯಿತೋ. ಅರ್ಧ ತೋಟಕ್ಕೆ ಹಳದಿ ಎಲೆ ರೋಗ. ಡಿಕ್ಲರೇಶನ್ ಹಾಕಿದವರ ಮಗ ಕಾಫಿ ಕೊಟ್ಟು, ದೊಡ್ಡಪ್ಪನನ್ನು 'ಅಯ್ಯಾ' ಅಂತಲೇ ಕರೆದು, ಬೆಂಗಳೂರಿನವರು ಜಾಗ ಕೇಳ್ತಿದ್ದಾರೆ, ಹೋಮ್‌ಸ್ಟೇ ಮಾಡ್ತಾರಂತೆ ಅಂದರು. 2020ರ ತಿದ್ದುಪಡಿಯಲ್ಲಿ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದ ಮೇಲೆ ರೈತನಲ್ಲದವನೂ ಜಮೀನು ಕೊಳ್ಳಬಹುದು. "ಮಗ ಬೆಂಗ್ಳೂರಲ್ಲೇ ಇದಾನೆ, ಕೊಡಿ ಅಂತಾನೆ. ನಂಗೆ ಮನಸಿಲ್ಲ. ನೀವೇನಂತೀರಿ ಅಯ್ಯಾ?" ಅಂತ ಕೇಳಿದರು.

ದೊಡ್ಡಪ್ಪ ಸ್ವಲ್ಪ ಹೊತ್ತು ತೋಟ ನೋಡುತ್ತಾ ಕೂತು, "ಎಷ್ಟಕ್ಕೆ ಕೇಳ್ತಿದಾರೆ?" ಅಂದರು.

ನಿಮ್ಮ ಮನೆಗಳ ಅಟ್ಟದಲ್ಲೂ ನಮೂನೆ 7ರ ಕಾಗದ ಇದ್ದೀತು. ಇದ್ದರೆ ಅದರಲ್ಲಿ ನಿಮ್ಮಜ್ಜನ ಹೆಸರು ಯಾವ ಕಾಲಮ್ಮಿನಲ್ಲಿದೆ ಅಂತ ನೋಡಿ ಬರೆಯಿರಿ :)