ಪರೀಕ್ಷೆ ಹಳ್ಳಿಗೆ ಬಂದ ಕಥೆ

ಆಗಿನ ಬಿಜಾಪುರ, ಈಗಿನ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ವಿಜ್ಞಾನ ಕಲಿಸಿದೆ. ಜೀವಕೋಶದ ಪಾಠ ಬಂದಾಗಲೆಲ್ಲ ಉಳ್ಳಾಗಡ್ಡಿಯ ತೆಳುಪೊರೆಯನ್ನು ಬಿಡಿಸಿ, ಗಾಜಿನ ಪಟ್ಟಿಯ ಮೇಲಿಟ್ಟು, ಒಂದು ಹನಿ ಅಯೋಡಿನ್ ಹಾಕಿ, ಶಾಲೆಗಿದ್ದ ಒಂದೇ ಒಂದು ಸೂಕ್ಷ್ಮದರ್ಶಕದಲ್ಲಿ ಮಕ್ಕಳಿಗೆ ತೋರಿಸುತ್ತಿದ್ದೆ. ಇಷ್ಟೇ ಸರಳವಾದ ಒಂದು ಕೆಲಸ ಸಕಾಲದಲ್ಲಿ ನಡೆದಿದ್ದರೆ ನಮ್ಮ ವೈನಿ ಇನ್ನೂ ಅನೇಕ ವರ್ಷ ಬದುಕಿರುತ್ತಿದ್ದರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ನಮ್ಮ ಕಡೆ ಅಣ್ಣನ ಹೆಂಡತಿಯನ್ನು ವೈನಿ ಎನ್ನುತ್ತೇವೆ. ಅದು 1981ನೆಯ ಇಸವಿ. ವೈನಿಗೆ ಆಗ ನಲವತ್ತೆಂಟು ವರ್ಷ. ಮುಟ್ಟು ನಿಂತು ಮೂರು ವರ್ಷ ಕಳೆದಿತ್ತು. ಒಂದು ಮಧ್ಯಾಹ್ನ ಹಿತ್ತಲಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಾಗ ಅವರು ದನಿ ತಗ್ಗಿಸಿ ನನಗೆ ಹೇಳಿದರು: "ಹೋದದ್ದು ಮತ್ತ ಬಂದೈತಿ ನೋಡವಾ. ಯಾರ ಮುಂದೂ ಹೇಳಬ್ಯಾಡ." ನಾನು ಹೇಳಲಿಲ್ಲ. ವಿಜ್ಞಾನದ ಶಿಕ್ಷಕಿಯಾಗಿದ್ದ ನಾನು ಆ ಗುಟ್ಟನ್ನು ನಾಲ್ಕು ತಿಂಗಳು ಕಾಪಾಡಿದೆ. ಆಮೇಲೆ ಕಂಡ ವೈದ್ಯರೊಬ್ಬರು ಒಳಪರೀಕ್ಷೆ ಮಾಡದೆಯೇ ಶಕ್ತಿಗೆಂದು ಟಾನಿಕ್ ಬರೆದುಕೊಟ್ಟರು. ಕಡೆಗೆ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ಅದು ಸುತ್ತಲೂ ಹಬ್ಬಿತ್ತು. ಕರೆಂಟ್ ಕೊಡಿಸಬೇಕೆಂದರು, ಕೊಡಿಸಿದೆವು. ಮರುವರ್ಷದ ಕಾರಹುಣ್ಣಿಮೆಯ ಹೊತ್ತಿಗೆ ವೈನಿ ಇರಲಿಲ್ಲ.

ನಿವೃತ್ತಳಾದ ಮೇಲೆ ಈ ರೋಗದ ಚರಿತ್ರೆಯನ್ನು ಓದತೊಡಗಿದೆ. ಓದುತ್ತ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು. ಇದು ಹೇಳದೆ ಕೇಳದೆ ಬರುವ ರೋಗವಲ್ಲ. ಗರ್ಭಕಂಠದ ಜೀವಕೋಶಗಳು ಮೊದಲು ಸ್ವಲ್ಪ ಕೆಡುತ್ತವೆ; ಅವು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತಾರು ವರ್ಷ ಹಿಡಿಯುತ್ತದೆ. ಅಷ್ಟು ದೀರ್ಘವಾದ ಅವಕಾಶವನ್ನು ಕೊಡುವ ಕ್ಯಾನ್ಸರ್‌ಗಳು ಕಡಿಮೆ. ಆದುದರಿಂದ ಇದರ ಚರಿತ್ರೆಯೆಂದರೆ ಆ ಅವಕಾಶವನ್ನು ಬಳಸಿಕೊಳ್ಳುವ ಪರೀಕ್ಷೆ ಹೆಣ್ಣುಮಕ್ಕಳ ಬಳಿಗೆ ಎಷ್ಟು ಹತ್ತಿರ ಬಂದಿತೆಂಬುದರ ಚರಿತ್ರೆಯೇ ಆಗಿದೆ.

ಆ ಪರೀಕ್ಷೆಯ ಮೂಲಪುರುಷ ಜಾರ್ಜ್ ಪಾಪಾನಿಕೊಲಾವ್. 1883ರಲ್ಲಿ ಗ್ರೀಸ್ ದೇಶದ ಕೀಮಿ ಎಂಬ ಊರಿನಲ್ಲಿ ಹುಟ್ಟಿದವನು; 1913ರಲ್ಲಿ ಹೆಂಡತಿಯೊಡನೆ ಅಮೆರಿಕಕ್ಕೆ ವಲಸೆ ಹೋದನು. ನ್ಯೂಯಾರ್ಕಿನ ಪ್ರಯೋಗಾಲಯದಲ್ಲಿ ಗಿನಿಯಿಲಿಗಳ ಯೋನಿದ್ರವವನ್ನು ಗಾಜಿನ ಪಟ್ಟಿಗೆ ಸವರಿ ಪರೀಕ್ಷಿಸುತ್ತಿದ್ದವನು ಅದೇ ಕ್ರಮವನ್ನು ಸ್ತ್ರೀಯರಿಗೂ ಅನ್ವಯಿಸಿದನು. ವರ್ಷಗಟ್ಟಲೆ ಮಾದರಿ ಕೊಟ್ಟವಳು ಅವನ ಹೆಂಡತಿ ಮೇರಿ. ಉದುರಿದ ಜೀವಕೋಶಗಳಲ್ಲೇ ಕ್ಯಾನ್ಸರ್ ಕಾಣುತ್ತದೆಂದು ಅವನು 1928ರಲ್ಲಿ ಹೇಳಿದಾಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಸ್ತ್ರೀರೋಗ ತಜ್ಞ ಹರ್ಬರ್ಟ್ ಟ್ರಾಟ್‌ನ ಜೊತೆಗೂಡಿ 1941ರಲ್ಲಿ ಲೇಖನವನ್ನೂ 1943ರಲ್ಲಿ ಗ್ರಂಥವನ್ನೂ ಪ್ರಕಟಿಸಿದ ಬಳಿಕವೇ ವೈದ್ಯಲೋಕ ಒಪ್ಪಿತು. ಅವನ ಹೆಸರಿನ ಮೊದಲ ಅಕ್ಷರಗಳಿಂದಲೇ 'ಪ್ಯಾಪ್ ಪರೀಕ್ಷೆ' ಎಂಬ ಹೆಸರು ಬಂದಿತು.

ಆದರೆ ಪರೀಕ್ಷೆಯೊಂದು ಇದ್ದ ಮಾತ್ರಕ್ಕೆ ಸಾವು ಕಡಿಮೆಯಾಗುವುದಿಲ್ಲ. ಇಂಗ್ಲೆಂಡಿನ ಉದಾಹರಣೆಯನ್ನೇ ನೋಡಿ. ಅಲ್ಲಿ 1960ರ ದಶಕದಿಂದಲೂ ಪ್ಯಾಪ್ ಪರೀಕ್ಷೆ ನಡೆಯುತ್ತಿತ್ತು. ಬಂದವರಿಗೆ ಮಾಡುತ್ತಿದ್ದರು, ಬಾರದವರನ್ನು ಕೇಳುವವರಿರಲಿಲ್ಲ. 1988ರಲ್ಲಿ ಗಣಕಯಂತ್ರದ ನೆರವಿನಿಂದ ಪ್ರತಿಯೊಬ್ಬ ಮಹಿಳೆಗೂ ಕಾಲಕಾಲಕ್ಕೆ ಕರೆಪತ್ರ ಕಳುಹಿಸುವ ವ್ಯವಸ್ಥೆ ಬಂದ ಮೇಲೆಯೇ ಸಾವಿನ ಸಂಖ್ಯೆ ವೇಗವಾಗಿ ಇಳಿಯಿತು. ಪರೀಕ್ಷೆ ಅದೇ, ಬದಲಾದದ್ದು ಕರೆಯುವ ಕ್ರಮ.

ನಮ್ಮ ದೇಶದಲ್ಲಿ ಮೊದಲು ಬಂದದ್ದು ಆಸ್ಪತ್ರೆಗಳು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ, ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಛಲದ ಫಲವಾಗಿ ಮದರಾಸಿನ ಅಡಯಾರಿನ ಸಂಸ್ಥೆ 1954ರಲ್ಲಿ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾದವು. ಇವು ಮಾಡಿದ ಉಪಕಾರ ಅಪಾರ. ಆದರೆ ಅಲ್ಲಿಗೆ ಹೋಗುತ್ತಿದ್ದವರಲ್ಲಿ ಹೆಚ್ಚಿನವರು ನಮ್ಮ ವೈನಿಯಂತೆ ರೋಗ ಬಲಿತ ಮೇಲೆ ಹೋಗುತ್ತಿದ್ದವರು. ಪ್ಯಾಪ್ ಪರೀಕ್ಷೆಗೆ ಬಣ್ಣ ಹಾಕುವವರು ಬೇಕು, ಕಣ್ಣು ಪಳಗಿದ ತಜ್ಞರು ಬೇಕು, ವರದಿ ಬರುವ ತನಕ ಕಾದು ಮತ್ತೊಮ್ಮೆ ಬಸ್ಸು ಹತ್ತಿ ಬರುವ ಅನುಕೂಲ ಬೇಕು. ಕೂಲಿ ಬಿಟ್ಟು ಎರಡನೆಯ ಸಲ ಬರುವ ಹೆಣ್ಣುಮಗಳು ಯಾರು?

ಉತ್ತರ ದೊರೆತದ್ದು ನಾನು ಶಾಲೆಯಲ್ಲಿ ಬಳಸುತ್ತಿದ್ದಂಥ ವಸ್ತುಗಳಲ್ಲೇ. ವಿಯೆನ್ನಾದ ವಾಲ್ಟರ್ ಶಿಲ್ಲರ್ ಎಂಬ ವೈದ್ಯ 1930ರ ಹೊತ್ತಿಗೇ ಗರ್ಭಕಂಠಕ್ಕೆ ಅಯೋಡಿನ್ ಸವರಿ ನೋಡಿದ್ದನು. ಆರೋಗ್ಯವಾದ ಜೀವಕೋಶಗಳಲ್ಲಿ ಗ್ಲೈಕೋಜನ್ ಇರುವುದರಿಂದ ಅವು ಕಂದುಬಣ್ಣ ತಾಳುತ್ತವೆ, ಕೆಟ್ಟವು ತಾಳುವುದಿಲ್ಲ. ಅದಕ್ಕಿಂತಲೂ ಸುಲಭವಾದುದು ವಿನೆಗರ್ ಪರೀಕ್ಷೆ. ನೂರಕ್ಕೆ 3ರಿಂದ 5ರಷ್ಟು ಅಸಿಟಿಕ್ ಆಮ್ಲವುಳ್ಳ ದ್ರವವನ್ನು ಹತ್ತಿಯಿಂದ ಸವರಿ ಒಂದು ನಿಮಿಷ ಕಾಯುವುದು. ಕೆಟ್ಟ ಜೀವಕೋಶಗಳಿರುವ ಭಾಗ ಬೆಳ್ಳಗಾಗುತ್ತದೆ. ಒಳ್ಳೆಯ ಬೆಳಕಿನಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಸೂಕ್ಷ್ಮದರ್ಶಕ ಬೇಡ, ವರದಿಗೆ ಕಾಯಬೇಕಿಲ್ಲ. ಸೂಕ್ತವೆಂದು ಕಂಡರೆ ಅದೇ ದಿನ, ಅದೇ ಜಾಗದಲ್ಲಿ, ಅನಿಲದಿಂದ ತಣಿಸಿದ ಸಲಾಕೆಯನ್ನು ಮುಟ್ಟಿಸಿ ಆ ಭಾಗವನ್ನು ಹೆಪ್ಪುಗಟ್ಟಿಸಿ ನಾಶಮಾಡಬಹುದು.

ಇದು ಜೀವ ಉಳಿಸುತ್ತದೆಯೇ ಎಂಬುದನ್ನು ನಮ್ಮ ದೇಶದ ಹಳ್ಳಿ ಕೊಳೆಗೇರಿಗಳಲ್ಲೇ ಪರೀಕ್ಷಿಸಿದರು. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ಡಾ. ಶಂಕರನಾರಾಯಣನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಪರೀಕ್ಷೆ ಮಾಡಿದವರು ತರಬೇತಾದ ನರ್ಸುಗಳು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ ಈ ಕ್ಯಾನ್ಸರ್‌ನಿಂದಾಗುವ ಸಾವು ಶೇಕಡಾ 35ರಷ್ಟು ಕಡಿಮೆಯಾಗಿತ್ತು. ಮುಂಬಯಿಯ ಕೊಳೆಗೇರಿಗಳಲ್ಲಿ ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರೇ ಪರೀಕ್ಷೆ ಮಾಡಿದರು. ಅಲ್ಲಿ ಇಳಿಕೆ ಶೇಕಡಾ 31.

ಮೂರನೆಯ ಅಧ್ಯಯನ ನಮಗೆ ಬಹಳ ಹತ್ತಿರದ್ದು. ನಮ್ಮ ತಾಲ್ಲೂಕಿನಿಂದ ಭೀಮಾ ನದಿ ದಾಟಿದರೆ ಸೊಲ್ಲಾಪುರ ಜಿಲ್ಲೆ. ಅದರ ಉತ್ತರದ ಅಂಚಿನಲ್ಲಿ ಬಾರ್ಶಿ, ಅದರಾಚೆ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ. ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆಯ ಮತ್ತು ಟಾಟಾ ಸ್ಮಾರಕದ ವೈದ್ಯರು ಅಲ್ಲಿನ ಹಳ್ಳಿಗಳ 1,31,746 ಮಹಿಳೆಯರನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ವಿನೆಗರ್, ಒಂದಕ್ಕೆ ಪ್ಯಾಪ್, ಒಂದಕ್ಕೆ ವೈರಸ್ ಪರೀಕ್ಷೆ. ನಾಲ್ಕನೆಯದಕ್ಕೆ ಎಂದಿನ ಸ್ಥಿತಿಯೇ.

ವೈರಸ್ ಪರೀಕ್ಷೆ ಎಂದೆನಲ್ಲವೇ? ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಮತ್ತು ಸಂಗಡಿಗರು 1983 ಮತ್ತು 1984ರಲ್ಲಿ ಈ ಕ್ಯಾನ್ಸರ್‌ನ ಅಂಗಾಂಶಗಳಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್‌ನ 16 ಮತ್ತು 18ನೆಯ ಬಗೆಗಳನ್ನು ಗುರುತಿಸಿದ್ದರು; ಅದಕ್ಕಾಗಿ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂದಿತು. ಇದನ್ನು ಎಚ್‌ಪಿವಿ ಎನ್ನುತ್ತಾರೆ. ಉಸ್ಮಾನಾಬಾದ್ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಸುಮಾರು ಎಂಟು ವರ್ಷಗಳಲ್ಲಿ ಪರೀಕ್ಷೆಯಿಲ್ಲದ ಗುಂಪಿನಲ್ಲಿ ಈ ರೋಗದಿಂದ 64 ಮಂದಿ ಸತ್ತಿದ್ದರೆ, ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ನಡೆದ ಗುಂಪಿನಲ್ಲಿ ಸತ್ತವರು 34. ಪ್ಯಾಪ್ ಮತ್ತು ವಿನೆಗರ್ ಗುಂಪುಗಳಲ್ಲಿ ಖಚಿತವೆನ್ನುವಷ್ಟು ಇಳಿಕೆ ಕಾಣಲಿಲ್ಲ. ವಿನೆಗರ್ ಪರೀಕ್ಷೆ ಮಾಡುವವರ ಕಣ್ಣನ್ನು ಅವಲಂಬಿಸಿದೆಯೆಂಬ ಅದರ ಮಿತಿಯನ್ನೂ ನಾವು ಒಪ್ಪಬೇಕು.

ಆ 64 ಎಂಬ ಅಂಕಿಯನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ಪ್ಯಾಪ್ ಪರೀಕ್ಷೆಯ ಗುಣ ದಶಕಗಳ ಹಿಂದೆಯೇ ಗೊತ್ತಿದ್ದಾಗ ಈ ಮಹಿಳೆಯರನ್ನು ಪರೀಕ್ಷೆಯಿಲ್ಲದೆ ಬಿಟ್ಟದ್ದು ಸರಿಯೇ ಎಂದು ಮುಂದೆ ಕೆಲವರು ಕೇಳಿದರು. ಈ ಹಳ್ಳಿಗಳಲ್ಲಿ ಹೇಗೂ ಪರೀಕ್ಷೆ ಇರಲೇ ಇಲ್ಲ, ಇದ್ದ ಸ್ಥಿತಿಯನ್ನೇ ಹೋಲಿಕೆಗೆ ಇಟ್ಟುಕೊಂಡೆವು ಎಂಬುದು ಸಂಶೋಧಕರ ಸಮಾಧಾನ. ಆ ಸಮಾಧಾನ ನಿಜವೂ ಹೌದು. ಅದು ನಿಜವಾಗಿರುವುದೇ ನಮ್ಮೆಲ್ಲರ ನಾಚಿಕೆ. ನಮ್ಮ ವೈನಿ ಯಾವ ಅಧ್ಯಯನದಲ್ಲೂ ಇರಲಿಲ್ಲ, ಆದರೂ ಆ ನಾಲ್ಕನೆಯ ಗುಂಪಿನವರೇ.

ಚಿಕಿತ್ಸೆಯೂ ನಿಂತ ನೀರಾಗಿಲ್ಲ. ವಿಕಿರಣದ ಜೊತೆಗೇ ಸಿಸ್‌ಪ್ಲಾಟಿನ್ ಔಷಧವನ್ನು ಕೊಟ್ಟರೆ ಹೆಚ್ಚು ಮಂದಿ ಉಳಿಯುತ್ತಾರೆಂದು 1999ರಲ್ಲಿ ಸಿದ್ಧವಾಯಿತು. ಹಣದ ತೊಂದರೆಗೂ ಒಂದಿಷ್ಟು ದಾರಿ ಕಂಡಿತು. 2010ರಲ್ಲಿ ನಮ್ಮ ರಾಜ್ಯದಲ್ಲಿ ಬಡವರಿಗಾಗಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿತ್ತು. ಅದು ಮೊದಲು ಬಂದದ್ದು ಗುಲ್ಬರ್ಗ ವಿಭಾಗಕ್ಕೆ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಂದಿದೆ. 1981ರಲ್ಲಿ ನಮ್ಮ ಅಣ್ಣ ಎರಡು ಎಕರೆ ಮಾರಿದ್ದನು.

ಲಸಿಕೆಯೂ ಬಂದಿದೆ: ವಿದೇಶದ್ದು 2006ರಲ್ಲಿ, ಪುಣೆಯ ಸೀರಂ ಸಂಸ್ಥೆಯದು 2022ರಲ್ಲಿ ಅನುಮತಿ ಪಡೆಯಿತು. ಆದರೆ ಲಸಿಕೆ ನಾಳಿನ ಮಕ್ಕಳಿಗೆ. ಇಂದಿನ ತಾಯಂದಿರಿಗೆ ಪರೀಕ್ಷೆಯೇ ಗತಿ. ಮೂವತ್ತರಿಂದ ಅರವತ್ತೈದು ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ವಿನೆಗರ್ ಪರೀಕ್ಷೆ ಆಗಬೇಕೆಂದು ಕೇಂದ್ರ ಸರಕಾರ 2016ರಲ್ಲೇ ಕ್ರಮ ಹಾಕಿಕೊಟ್ಟಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಮೂವತ್ತರಿಂದ ನಲವತ್ತೊಂಬತ್ತರ ಮಹಿಳೆಯರಲ್ಲಿ ಎಂದಾದರೂ ಈ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಆ ಒಂದೇ ವರ್ಷದಲ್ಲಿ ಈ ರೋಗದಿಂದ ಸತ್ತವರು ಸುಮಾರು 80,000.

ನರ್ಸ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ಮನೆಗೆ ಬಂದಿದ್ದಳು. "ಟೀಚರ್, ಪರೀಕ್ಷಾಕ್ಕ ಒಂದು ನಿಮಿಷ ಸಾಕ್ರೀ. ಅವರನ್ನ ಆ ಖೋಲಿ ತನಕ ಕರಕೊಂಡು ಬರಾಕ ಆರು ತಿಂಗಳು ಬೇಕ್ರಿ" ಎಂದಳು. ಪಾಪಾನಿಕೊಲಾವ್‌ನಿಂದ ಹೌಸೆನ್‌ವರೆಗೆ ವಿಜ್ಞಾನಿಗಳು ತಮ್ಮ ಪಾಲಿನ ದಾರಿಯನ್ನು ನಡೆದು ಬಂದಿದ್ದಾರೆ. ಉಳಿದಿರುವುದು ಹಿತ್ತಲಿನಿಂದ ಆ ಖೋಲಿಯವರೆಗಿನ ದಾರಿ.

ಓದುವ ಹಿರಿಯರಲ್ಲಿ, ಅದರಲ್ಲೂ ಗಂಡಸರಲ್ಲಿ, ನನ್ನ ವಿನಂತಿಯಿಷ್ಟೆ: ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಅದು ಗುಟ್ಟಾಗಿಡುವ ಸಂಗತಿಯಲ್ಲ. ಮನೆಯಲ್ಲಿ ಈ ಮಾತನ್ನು ಬಾಯಿಬಿಟ್ಟು ಆಡಿ. ಯಾರ ಮುಂದೂ ಹೇಳಬೇಡವೆಂದ ವೈನಿಯ ಮಾತನ್ನು ಇಂದು, ನಲವತ್ತು ವರ್ಷ ತಡವಾಗಿ, ನಾನು ಮೀರಿದ್ದೇನೆ.